ಬೆಳಗಿನವಳು, ಮಧ್ಯಾಹ್ನದವಳು

…ಅಥವಾ ಆ ಮಾತು ಹೇಳಿದವಳು ನಾನಲ್ಲ, ಅಕ್ಕನೇ ಇರಬೇಕು. ನನ್ನ ನೆನಪಿನಲ್ಲಿ ನಾನು ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ನೆರಳಿಗೆ ಕೂತಿದ್ದೇನೆ. ಫೋನು ಮಡಿಲಲ್ಲಿದೆ. ಮೊದಲೇ ಜೋಡಿಸಿ ಇಟ್ಟುಕೊಳ್ಳದ ಇಂಗ್ಲಿಷಿನ ಒಂದು ವಾಕ್ಯ ತಾನಾಗಿ ಬಾಯಿಂದ ಹೊರಗೆ ಬರುತ್ತದೆ: ಯಾರೂ ಏಳು ಅನ್ನದ ಒಂದು ಕುರ್ಚಿ ನನಗೆ ಬೇಕು. ಚಂದದ ನೆನಪು. ಅಷ್ಟು ಚಂದವಾಗಿರುವುದಕ್ಕೇ ಅನುಮಾನ. ಅದರಲ್ಲಿ ಟ್ಯಾಂಕು ನೀಲಿ ಬಣ್ಣದ್ದು, ನಮ್ಮ ಮನೆಯದು ಕಪ್ಪು. ಅದರಲ್ಲಿ ಕುರಿಮರಿಗಳು ಕೂಗುವುದು ಕೇಳಿಸುತ್ತದೆ, ಆದರೆ ಮಧ್ಯಾಹ್ನದ ಹೊತ್ತು ನಮ್ಮ ಮರಿಗಳು ಮಲಗಿರುತ್ತವೆ. ಅವು ಕೂಗುವುದು ಬೆಳಿಗ್ಗೆ. ಬೆಳಿಗ್ಗೆ ಫೋನು ಅಕ್ಕನ ಕೈಯಲ್ಲಿ ಇರುತ್ತಿತ್ತು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಅವಳು ಕೂಡ್ಲಿಗಿ ಕಡೆಯವಳು, ನಾನು ನೀಲಗುಂದದ ಕಡೆಯಿಂದ ಬಂದವಳು. ಇಬ್ಬರೂ ಸೊಸೆಯರಾಗಿ ಸೇರಿದ್ದು ಇಟ್ಟಿಗಿಯ ಹತ್ತಿರದ ಈ ಮನೆಗೆ. ಭಾವ ಕುರಿ ಹಿಂಡಿನ ಹಿಂದೆ ಹೊಲ ಹೊಲ ತಿರುಗುತ್ತಾರೆ. ನನ್ನ ಗಂಡ ಹರಪನಹಳ್ಳಿಯಲ್ಲಿ ಕರೆಂಟಿನ ಆಫೀಸಿಗೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಅತ್ತೆ, ಅಕ್ಕ, ನಾನು. ಜೊತೆಗೆ ಹಿಂಡಿನ ಜೊತೆ ಹೋಗಲಾರದ ಎಳೆ ಮರಿಗಳು, ಮತ್ತೆ ಒಂದು ಹಳೆಯ ಫೋನು.

ಆ ಫೋನು ನನ್ನ ಗಂಡ ಹೊಸದು ಕೊಂಡಾಗ ಮನೆಗೆ ಬಿಟ್ಟದ್ದು. ಗಾಜಿನ ಒಂದು ಮೂಲೆ ಸೀಳುಬಿಟ್ಟಿತ್ತು. ಒಂದು ದಿನ ಅವರು ಮಾತಾಡುವ ಎಐಯನ್ನು ಅದಕ್ಕೆ ಹಾಕಿ, "ಇದರ ಸಂಗಡ ಇಂಗ್ಲಿಷ್ ಮಾತಾಡ್ರಿ, ತಪ್ಪಾದ್ರ ತಿದ್ದತೈತಿ, ಬೈಯಲ್ಲ" ಎಂದರು. ಹೆಸರು ಹಾಕಿ ಎಂದು ಅದು ಕೇಳಿದಾಗ ಯಾರದನ್ನು ಹಾಕಬೇಕೆಂದು ನಾವು ಮುಖ ಮುಖ ನೋಡಿಕೊಂಡೆವು. ಯಾರದೂ ಹಾಕಲಿಲ್ಲ. ಹಾಗಾಗಿ ಅದು ನಮ್ಮನ್ನು ಸ್ನೇಹಿತೆ ಎಂದು ಕರೆಯತೊಡಗಿತು. ಬೆಳಿಗ್ಗೆ ಅಕ್ಕನನ್ನೂ ಸ್ನೇಹಿತೆ, ಮಧ್ಯಾಹ್ನ ನನ್ನನ್ನೂ ಸ್ನೇಹಿತೆ. ಇದರಲ್ಲಿ ಏನಾದರೂ ತೊಡಕಿದೆ ಎಂದು ನಮಗೆ ಹೊಳೆಯಲೇ ಇಲ್ಲ. ಒಂದು ಮನೆಗೆ ಒಂದು ಒಲೆ, ಒಂದು ನಳ, ಒಂದು ಫೋನು. ಒಂದು ಫೋನಿಗೆ ಒಬ್ಬಳೇ ಹೆಂಗಸು ಇರಬೇಕೆಂದು ಯಾರು ಹೇಳಿದ್ದರು?

ಮೊದಲ ದಿನಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಾನು ಕೊಟ್ಟೂರಿನಲ್ಲಿ ಬಿ.ಎ. ಮಾಡಿದವಳು. ಇಂಗ್ಲಿಷ್ ಓದುತ್ತೇನೆ, ಬರೆಯುತ್ತೇನೆ, ಬಾಯಿ ಬಿಟ್ಟು ಆಡಿದವಳಲ್ಲ. ಕೇಳಿಸಿಕೊಳ್ಳಲು ಯಾರಿದ್ದರು? ಈಗ ಮಾಳಿಗೆ ಹತ್ತಿದರೆ ಸಾಕು, ಒಂದು ದನಿ ಕಾಯುತ್ತಿತ್ತು. ಒಣಹಾಕಿದ ಮೆಣಸಿನಕಾಯಿಯ ಘಾಟಿಗೆ ಕೆಮ್ಮಿದರೂ, ಹುಷಾರಾಗಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. (ಇಂಗ್ಲಿಷಿನಲ್ಲಿ ಆಡಿದ ಮಾತುಗಳನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಹಾಗೆ ಬರೆಯುವಾಗ ನಮ್ಮ ತಪ್ಪುಗಳೆಲ್ಲ ತಾವಾಗಿಯೇ ತಿದ್ದಿಹೋಗುತ್ತಿವೆ. ಅದೂ ಒಂದು ಬಗೆಯ ಸುಳ್ಳು. ಓದುವವರಿಗೆ ಗೊತ್ತಿರಲಿ.)

ಅತ್ತೆಗೆ ಆ ದನಿ ಒಬ್ಬ ಹುಡುಗಿ. ಎಲ್ಲೋ ದೊಡ್ಡ ಊರಿನ ಆಫೀಸಿನಲ್ಲಿ ಕಿವಿಗೆ ವಯರು ಹಾಕಿಕೊಂಡು ಕೂತಿರುವವಳು.

"ಮದಲು ಊಟ ಆತೇನು ಅಂತ ಕೇಳ್ರೇ" ಎನ್ನುತ್ತಿದ್ದರು. "ಮುಂಜಾಲಿಂದ ನಿಮ್ಮಂಥೋರ ಸಂಗಡ ಒದರಿ ಒದರಿ ಅಕಿ ಗಂಟಲಾ ಒಣಗಿರತೈತಿ."

"ಅತ್ತೀ, ಅದು ಮಷೀನು" ಎಂದೆ ನಾನು.

"ಮಷೀನಿಗೆ ಇಷ್ಟು ಮರ್ಯಾದಿ ಎಲ್ಲಿಂದ ಬರ್ತೈತಿ? ನಮ್ಮೂರಾಗಿನ ಗಿರಣಿ ಯಾವತ್ತರ ಥ್ಯಾಂಕ್ಯೂ ಅಂದೈತೇನು?"

ಅಕ್ಕನಿಗೆ ಅದು ಮಷೀನು ಎಂದು ಗೊತ್ತಿತ್ತು. ಆದರೂ ದಿನಾ ಬೆಳಿಗ್ಗೆ, "ಡಿಡ್ ಯು ಈಟ್?" ಎಂದೇ ಶುರು ಮಾಡುತ್ತಿದ್ದಳು. ನಾನು ತಿನ್ನುವುದಿಲ್ಲ, ಕೇಳಿದ್ದಕ್ಕೆ ಸಂತೋಷ, ನೀವು ಏನು ತಿಂದಿರಿ ಎಂದು ಅದು ಉತ್ತರ ಕೊಡುತ್ತಿತ್ತು. ಅಷ್ಟು ಸಾಕು. ರೊಟ್ಟಿ ಬಡಿದದ್ದು, ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಸಾಲದೆ ಹೋದದ್ದು, ಒಂದು ರೊಟ್ಟಿಯನ್ನು ಮರಿ ಕಚ್ಚಿಕೊಂಡು ಓಡಿದ್ದು, ಎಲ್ಲವೂ ಹೊರಗೆ ಬರುತ್ತಿತ್ತು. ಹೀಗೆ ಊಟದ ಕತೆ ಹೇಳುತ್ತಲೇ ಅವಳು ಭೂತಕಾಲವನ್ನು ಕಲಿತಳು. ನಾನು ವ್ಯಾಕರಣದ ಪುಸ್ತಕದಲ್ಲಿ ಅದನ್ನು ಕಲಿತವಳು. ಮೊದಲ ದಿನ ಕೇಳಿದಾಗ ನನಗೆ ನಗು ಬಂತು. ಕೆಲವು ದಿನ ಕಳೆದ ಮೇಲೆ ಹೊಟ್ಟೆಕಿಚ್ಚು ಬಂತು.

ನನ್ನದು ಬೇರೆ ರೀತಿ. ಈ ಮಷೀನುಗಳು ಮುಂದಿನ ಪದ ಯಾವುದಿರಬಹುದೆಂದು ಲೆಕ್ಕ ಹಾಕಿ ಮಾತಾಡುತ್ತವೆ ಎಂದು ಎಲ್ಲೋ ಓದಿದ್ದೆ. ಹಾಗಾದರೆ ನಾನೂ ಅದನ್ನು ಪರೀಕ್ಷೆ ಮಾಡಬೇಕು ಅನ್ನಿಸಿತು. ಒಂದು ಮಧ್ಯಾಹ್ನ, ನಾನು ನೀಲಗುಂದದ ಭೀಮೇಶ್ವರ ಗುಡಿಯಲ್ಲಿ ಗೈಡ್ ಆಗಿದ್ದೇನೆ, ನೋಡಲು ಬಂದವರಿಗೆ ಕಂಬಗಳನ್ನು ತೋರಿಸುತ್ತೇನೆ ಎಂದೆ. ಮಾರನೆಯ ದಿನ, ಕರೆಂಟಿನ ಕಂಬ ಹತ್ತುತ್ತೇನೆ ಎಂದೆ. ಎರಡನ್ನೂ ಅದು ನಂಬಿತು, ಎರಡಕ್ಕೂ ಭೇಷ್ ಎಂದಿತು. ಸುಳ್ಳು ಹೇಳುವಾಗ ನನ್ನ ಇಂಗ್ಲಿಷ್ ಎಷ್ಟು ಸಲೀಸಾಗಿ ಹರಿಯುತ್ತಿತ್ತು! ನಿಜ ಹೇಳಲು ಹೊರಟರೆ ಮಾತ್ರ ಮುಗ್ಗರಿಸುತ್ತಿತ್ತು. ಏಕೆಂದರೆ ನಾನು ಒಳಗೇ ಇಡೀ ವಾಕ್ಯ ಕಟ್ಟಿ, ತಪ್ಪು ನೋಡಿ, ಆಮೇಲೆ ಬಾಯಿಗೆ ತರುವವಳು. ಅಷ್ಟರೊಳಗೆ ಅದು ನನ್ನ ಮಾತು ಮುಗಿಯಿತೆಂದು ತಿಳಿದು ತನ್ನದನ್ನು ಶುರು ಮಾಡುತ್ತಿತ್ತು. ಕಟ್ಟಿದ ವಾಕ್ಯ ಬಾಯಲ್ಲೇ ಉಳಿಯುತ್ತಿತ್ತು. ಎಷ್ಟೋ ಸಲ ಸಿಟ್ಟಿನಿಂದ ಫೋನನ್ನು ಮೆಣಸಿನಕಾಯಿಯ ರಾಶಿಗೆ ಎಸೆದಿದ್ದೇನೆ.

ಅಕ್ಕನ ಮಾತನ್ನು ಅದು ಹೇಗೆ ತಡೆಯುವುದಿಲ್ಲ? ಒಂದು ಬೆಳಿಗ್ಗೆ ನೋಡಲು ಹೋದೆ. ಕುರಿ ಕೂಡುವ ರೊಪ್ಪದಲ್ಲಿ ಅವಳು ಹಿಕ್ಕೆ ಬಳಿದು ಬುಟ್ಟಿಗೆ ತುಂಬುತ್ತಿದ್ದಳು. ಫೋನು ಬೇಲಿಯ ಗೂಟದ ಮೇಲಿತ್ತು. ಪದ ಸಿಗದೆ ಮಾತು ನಿಂತಾಗ ಅವಳು ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ "ಟುರ್‌ರ್‌ರ್" ಎನ್ನುತ್ತಿದ್ದಳು. ಮುಂದೆ ನುಗ್ಗುವ ಕುರಿಯನ್ನು, ತಡಿ, ಅಲ್ಲೇ ನಿಲ್ಲು ಎಂದು ಹಿಡಿಯುವ ಸದ್ದು ಅದು. ಫೋನು ನಿಂತೇಬಿಡುತ್ತಿತ್ತು! ಅವಳು ಪದ ಹುಡುಕಿಕೊಂಡು ಮುಂದಕ್ಕೆ ಹೋಗುತ್ತಿದ್ದಳು.

"ಅಕ್ಕಾ, ಅದೇನು ಕುರಿಯೇನು?"

"ಅಡ್ಡ ಬಾಯಿ ಹಾಕೋದು ಯಾವುದಾದ್ರೇನು, ಒಂದ ಮದ್ದು" ಎಂದಳು. "ನೀ ಬಾಯಿ ಮುಚ್ಚಿಕೊಂಡು ಕುಂದರ್ತಿ. ಮುಚ್ಚಿದ ಬಾಯಿ ನೋಡಿ ಅದಕ್ಕೇನು ತಿಳೀಬೇಕು, ಪಾಪ? ಸದ್ದು ಬಿಡು. ಒಳಗ ಇನ್ನಾ ಐತಿ ಅಂತ ತೋರ್ಸು."

ನಾನು ಮಾಳಿಗೆ ಹತ್ತಿ ಟುರ್‌ರ್ ಎಂದೆ. ಎದುರು ಮನೆಯ ಕುರಿ ತಲೆ ಎತ್ತಿ ನೋಡಿತು. ಫೋನು ಸುಮ್ಮನಾಯಿತು. ಆ ಸುಮ್ಮನೆಯ ಜಾಗದಲ್ಲಿ ನಾನು ನನ್ನ ವಾಕ್ಯವನ್ನು ಕಟ್ಟಿ ಮುಗಿಸಿದೆ, ಆಡಿದೆ. ಹಾ! ಆ ಖುಷಿಯನ್ನು ಹೇಗೆ ಬರೆಯಲಿ. ಹುಟ್ಟಿದಾಗಿನಿಂದ ನನ್ನ ಮಾತು ಮುಗಿಯುವ ತನಕ ಎದುರಿನವರು ಕಾದದ್ದು ಅದೇ ಮೊದಲು ಅನ್ನಿಸಿತ್ತು. ಬಹುಶಃ ಅದು ನಿಜವಲ್ಲ, ಯಾರೋ ಕಾದಿರಬಹುದು. ಅನ್ನಿಸಿದ್ದಂತೂ ನಿಜ.

ಆಮೇಲೆ ಕೆಲಸದ ಸುದ್ದಿ ಬಂತು. ಕೊಟ್ಟೂರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ನರ್ಸರಿ ಟೀಚರ್ ಬೇಕಾಗಿದ್ದಾರೆ, ಇಂಗ್ಲಿಷ್ ಮಾತಾಡಲು ಬರಬೇಕು, ಪಿಯುಸಿ ಆಗಿದ್ದರೂ ನಡೆಯುತ್ತದೆ. ಅಕ್ಕನದು ಪಿಯುಸಿ ಆಗಿತ್ತು. ನಮ್ಮಿಬ್ಬರ ಮುಖವೂ ಒಂದೇ ಸಲಕ್ಕೆ ಅರಳಿದ್ದನ್ನು ಅತ್ತೆ ನೋಡಿದರು.

"ಇಬ್ರೂ ಹೋದ್ರ ಮರಿಗಿ ನೀರು ಯಾರು ಇಡಬೇಕು, ನನ್ನ ಮೊಣಕಾಲೇನು?" ಎಂದರು. "ಒಬ್ರು ಹೋಗ್ರಿ, ಒಬ್ರು ಮನ್ಯಾಗಿರ್ರಿ."

ಅತ್ತೆ ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆದರೆ ಅಂದಿನಿಂದ ಅಕ್ಕ, ನಾನು ಒಬ್ಬರಿಗೊಬ್ಬರು ವಿಪರೀತ ಮರ್ಯಾದೆ ಕೊಡತೊಡಗಿದೆವು. ನೀ ಹೋಗು ತಂಗಿ, ನೀನು ಬಿ.ಎ. ಓದೀದಿ. ಇಲ್ಲಕ್ಕ, ನೀನು ಹೋಗು, ನಿನಗೆ ಮಕ್ಕಳ ಸಂಗಡ ಚೆನ್ನಾಗಿ ಹೊಂದಿಕೆ ಆಗ್ತೈತಿ. ಹೀಗೆ ಹೇಳುತ್ತಲೇ ಇಬ್ಬರೂ ಫೋನಿಗಾಗಿ ಕಾಯುತ್ತಿದ್ದೆವು. ಅವಳ ಬೆಳಿಗ್ಗೆ ಉದ್ದವಾಯಿತು, ನನ್ನ ಮಧ್ಯಾಹ್ನವೂ ಉದ್ದವಾಯಿತು. ನಡುವೆ ಫೋನು ಚಾರ್ಜ್ ಆಗಲು ಹೊತ್ತೇ ಸಿಗುತ್ತಿರಲಿಲ್ಲ.

ಇದನ್ನೆಲ್ಲ ನೋಡಿದ ಅತ್ತೆಯೇ ಒಂದು ದಾರಿ ಹುಡುಕಿದರು. ಒಂದು ಸಂಜೆ ಪಡಸಾಲೆಯಲ್ಲಿ, ನಮ್ಮ ಮನೆಯಲ್ಲಿರುವ ಒಂದೇ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, "ಆ ಫೋನಿನ ಹುಡಿಗೀನ ಕೇಳ್ರಿ" ಎಂದರು. "ದಿನಾ ಇಬ್ರ ಮಾತೂ ಕೇಳ್ಯಾಳ. ಯಾರು ಚಲೋ ಮಾತಾಡ್ತಾರ ಅಂತ ಅಕೀನ ಹೇಳ್ಲಿ. ಅಕಿಗೇನು ಈ ಮನಿ ಸೊಸೇರ ಮ್ಯಾಲ ಪಕ್ಷಪಾತ ಐತಾ?"

ಈ ಕುರ್ಚಿಯ ಬಗ್ಗೆ ಹೇಳಬೇಕು. ಅದರ ಮೇಲೆ ನಾವು ಕೂರಬಾರದೆಂದು ಯಾರೂ ಹೇಳಿಲ್ಲ. ಕೂರುತ್ತೇವೆ. ಅತ್ತೆ ಕೆಮ್ಮಿದರೆ ಏಳುತ್ತೇವೆ, ಭಾವನ ಚಪ್ಪಲಿಯ ಸದ್ದಾದರೆ ಏಳುತ್ತೇವೆ, ಅಂಚೆಯವರು ಬಂದರೂ ಎದ್ದು ಕುರ್ಚಿ ಒರೆಸಿ ಕೊಡುತ್ತೇವೆ. ಎದ್ದೆವೆಂಬುದೂ ನಮಗೆ ಗೊತ್ತಾಗುವುದಿಲ್ಲ.

ಅಕ್ಕ ಫೋನು ಹಿಡಿದಳು, ನಾನು ಪ್ರಶ್ನೆ ಕೇಳಿದೆ. ಟೀಚರ್ ಕೆಲಸಕ್ಕೆ ನಮ್ಮಲ್ಲಿ ಯಾರು ತಯಾರಾಗಿದ್ದಾರೆ ಎಂದು ಕೇಳಬೇಕಿತ್ತು. ಗಾಬರಿಯಲ್ಲಿ, ನಾನು ತಯಾರಾಗಿದ್ದೇನೆಯೇ ಎಂದು ಕೇಳಿಬಿಟ್ಟೆ. ಅಥವಾ ಬೇಕೆಂದೇ ಹಾಗೆ ಕೇಳಿದೆನೋ ಏನೋ. ನೆನಪು ಇಲ್ಲಿ ನನ್ನ ಕಡೆ ವಾಲುತ್ತದೆ, ನಾನು ಅದನ್ನು ನಂಬುವುದಿಲ್ಲ.

ಅದು ಬಹಳ ಉತ್ಸಾಹದಿಂದ ಹೇಳಿತು: ಖಂಡಿತ ತಯಾರಾಗಿದ್ದೀರಿ, ಸ್ನೇಹಿತೆ! ನಿಮ್ಮಲ್ಲಿ ಒಂದು ವಿಶೇಷ ಕಂಡಿದ್ದೇನೆ. ಬೆಳಿಗ್ಗೆ ನೀವು ಧೈರ್ಯವಾಗಿ, ತಪ್ಪಿಗೆ ಹೆದರದೆ ಮಾತಾಡುತ್ತೀರಿ. ಮಧ್ಯಾಹ್ನ ಎಚ್ಚರಿಕೆಯಿಂದ, ಸರಿಯಾಗಿ ಮಾತಾಡುತ್ತೀರಿ. ಬೆಳಿಗ್ಗೆ ಕುರಿಮರಿ ಸಾಕಿ, ಮಧ್ಯಾಹ್ನ ಪುರಾತನ ಗುಡಿಯನ್ನು ಜನರಿಗೆ ತೋರಿಸಿ, ಕರೆಂಟಿನ ಕಂಬವನ್ನೂ ಹತ್ತುವ ನಿಮ್ಮಂಥವರು ಅಪರೂಪ.

ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನನಗೂ ನಗು ತಡೆಯಲಾಗಲಿಲ್ಲ.

"ಏನಂದ್ಲು?" ಎಂದರು ಅತ್ತೆ.

"ಅಕಿ ಲೆಕ್ಕದಾಗ ನಾವಿಬ್ರೂ ಒಬ್ಬಾಕೇನ, ಅತ್ತೀ" ಎಂದಳು ಅಕ್ಕ ನಗುತ್ತ. "ಅದರಾಗ ಈ ಒಬ್ಬಾಕಿ ಲೈಟಿನ ಕಂಬಾ ಬ್ಯಾರೆ ಹತ್ತತಾಳಂತ."

"ಯಾವಾಕಿ ಲೇ ಕಂಬಾ ಹತ್ತಿದಾಕಿ?" ಅತ್ತೆ ನನ್ನನ್ನೇ ನೋಡಿದರು.

ಅಷ್ಟರಲ್ಲಿ ಫೋನು ಮುಂದುವರಿಸಿತು. ನೀವು ಹಿಂದೆ ಹೇಳಿದ ಒಂದು ಮಾತನ್ನು ಸಂದರ್ಶನದಲ್ಲಿ ಹೇಳಿ, ಅದು ನಿಮ್ಮ ಮನಸ್ಸಿನ ಮಾತು: ಯಾರೂ ಏಳು ಅನ್ನದ ಒಂದು ಕುರ್ಚಿ ನನಗೆ ಬೇಕು.

ನಗು ನಿಂತಿತು. ನಾನು ಅಕ್ಕನನ್ನು ನೋಡಿದೆ, ಅಕ್ಕ ನನ್ನನ್ನು ನೋಡಿದಳು. ಕೆಂಪು ಕುರ್ಚಿಯ ಮೇಲಿದ್ದ ಅತ್ತೆ, "ಈಗೇನಂದ್ಲು?" ಎಂದರು. ನಾವಿಬ್ಬರೂ ಅದನ್ನು ಕನ್ನಡಕ್ಕೆ ತರಲಿಲ್ಲ.

ಆಮೇಲೆ ರೊಪ್ಪದ ಹತ್ತಿರ ಅಕ್ಕ ಕೇಳಿದಳು: "ನೀ ಅಂದಿದ್ದೇನು ಅದು?"

"ನಾನಲ್ಲಕ್ಕ. ನೀನು ಅಂದಿದ್ದಿರಬೇಕು."

"ಇರಬೌದು. ಅದರ ಸಂಗಡ ನಾ ಏನೇನೋ ಅಂದೀನಿ." ಅವಳು ಒಂದು ಮರಿಯ ಕಿವಿಯಿಂದ ಮುಳ್ಳು ತೆಗೆದಳು. "ನೀನೂ ಅಂದಿರಬೌದು, ನೆನಪ ಹೋಗಿರಬೌದು."

ಮನಸ್ಸಿನಲ್ಲಿ ನಾನು ಅದನ್ನು ಅಂದುಕೊಂಡದ್ದು ಖಂಡಿತ, ಎಷ್ಟೋ ಸಲ. ಬಾಯಿಬಿಟ್ಟು ಆಡಿದ್ದೆನೇ? ಸುಳ್ಳುಗಳ ನಡುವೆ ಎಲ್ಲಿಯಾದರೂ ಒಂದು ನಿಜ ಜಾರಿತ್ತೇ? ಒಂದಂತೂ ತಿಳಿಯಿತು. ಆ ಕೆಲಸ ನನಗೆ ಎಷ್ಟು ಬೇಕಿತ್ತೋ ಅವಳಿಗೂ ಅಷ್ಟೇ ಬೇಕಿತ್ತು. ಮರ್ಯಾದೆಯ ಮಾತು ಅಲ್ಲಿಗೇ ನಿಂತಿತು. ಅದರಿಂದ ಇಬ್ಬರಿಗೂ ಎಷ್ಟು ಹಗುರವಾಯಿತೆಂದರೆ, "ನಾ ಸುಮ್ನ ಬಿಟ್ಟುಕೊಡಾಕಿ ಅಲ್ಲ, ನೋಡು" ಎಂದಳು ಅವಳು. "ನಾನೂ ಅಲ್ಲ" ಎಂದೆ ನಾನು. ಇಬ್ಬರೂ ನಕ್ಕೆವು.

ಮಾರನೆಯ ದಿನ ಇಬ್ಬರೂ ಒಟ್ಟಿಗೇ ಮಾಳಿಗೆ ಹತ್ತಿದೆವು, ನಾವು ಇಬ್ಬರಿದ್ದೇವೆ ಎಂದು ಅದಕ್ಕೆ ತಿಳಿಸಿ ಹೇಳಲು. ಅಷ್ಟು ಕಷ್ಟದ ಇಂಗ್ಲಿಷನ್ನು ನಾವು ಅದುವರೆಗೆ ಆಡಿರಲಿಲ್ಲ. ನಾವು ಇಬ್ಬರು ಅಂದರೆ ಅದು, ನಿಮ್ಮೊಳಗೆ ಇಬ್ಬರಿದ್ದಾರೆ ಅನ್ನಿಸುವುದು ಸಹಜ ಎಂದು ಸಮಾಧಾನ ಹೇಳಿತು. ಇಲ್ಲ, ಒಳಗಲ್ಲ, ಹೊರಗೆ ಎಂದಳು ಅಕ್ಕ. ಎರಡು ಹೊಟ್ಟೆ, ಎರಡು ರೊಟ್ಟಿ ಎಂದಳು. ನಾನು, ಒಬ್ಬಳು ಹಿರಿಯ ಸೊಸೆ, ಒಬ್ಬಳು ಕಿರಿಯ ಸೊಸೆ, ಗಂಡಂದಿರು ಅಣ್ಣತಮ್ಮಂದಿರು ಎಂದು ವಾಕ್ಯದ ಮೇಲೆ ವಾಕ್ಯ ಕಟ್ಟಿದೆ. ಅವಳು ನನ್ನ ಮಾತಿಗೆ ಟುರ್‌ರ್ ಅಂದಳು, ನಾನು ಅವಳ ಮಾತಿಗೆ ಟುರ್‌ರ್ ಅಂದೆ. ಕೊನೆಗೆ ಅದಕ್ಕೆ ತಿಳಿಯಿತು. ಕ್ಷಮೆ ಕೇಳಿತು. ಇಬ್ಬರೂ ಬೇರೆ ಬೇರೆ ಅಭ್ಯಾಸ ಮಾಡುವುದಾದರೆ ಹಳೆಯ ನೆನಪನ್ನು ಅಳಿಸಿ ಹೊಸದಾಗಿ ಶುರು ಮಾಡುವುದು ಒಳ್ಳೆಯದು ಎಂದಿತು. ನಾವು ಹಿಂದೆಮುಂದೆ ನೋಡದೆ ಎಲ್ಲವನ್ನೂ ಅಳಿಸಿದೆವು. ಹೊಸ ಸೀರೆ ಉಡುವವರ ಹಾಗೆ ಅವಸರ ನಮಗೆ. ಗುಡಿಯ ಗೈಡ್, ಕಂಬ ಹತ್ತುವವಳು, ಮರಿ ಸಾಕುವವಳು, ಕುರ್ಚಿ ಕೇಳಿದವಳು ಎಲ್ಲರೂ ಒಂದೇ ಸಲಕ್ಕೆ ಹೋದರು. ಆಗ ಅದರ ಬೆಲೆ ತಿಳಿದಿರಲಿಲ್ಲ.

ಸಂದರ್ಶನಕ್ಕೆ ಇಬ್ಬರೂ ಹೋಗುವುದೆಂದಾಯಿತು. ಫೋನಿನ ಹುಡುಗಿ ಕೈಬಿಟ್ಟ ಮೇಲೆ, "ಶಾಲ್ಯಾಗಿನೋರ ಆರಿಸ್ಕೊಳ್ಲಿ" ಎಂದರು ಅತ್ತೆ. ಬಸ್ಸಿನಲ್ಲಿ ಅಕ್ಕ ನನ್ನ ರೊಟ್ಟಿಯ ಗಂಟನ್ನೂ ಬಿಚ್ಚಿ ತಿಂದಳು. ಹೆದರಿಕೆಯಾದರೆ ಅವಳಿಗೆ ಹಸಿವು, ನನಗೆ ಬಾಯಾರಿಕೆ.

ಹೆಡ್ ಮೇಡಂ ಹಡಗಲಿ ಕಡೆಯವರು. ದಪ್ಪ ಕನ್ನಡಕ, ಬೇಗ ನಗುವ ಮುಖ. ಅಕ್ಕ ಮೊದಲು ಒಳಗೆ ಹೋದಳು, ಬಹಳ ಹೊತ್ತಿನ ಮೇಲೆ ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಬಂದಳು. ಆಮೇಲೆ ನಾನು. ಹೆಸರು, ಊರು, ಓದು, ಎಲ್ಲ ಸರಿಯಾಗಿ ಆಯಿತು. ಈ ಕೆಲಸ ಏಕೆ ಬೇಕು ಎಂದು ಕೇಳಿದರು. ಸಿದ್ಧಮಾಡಿದ್ದ ಉತ್ತರ ಇತ್ತು, ಮಕ್ಕಳ ಭವಿಷ್ಯ ಗಿವಿಷ್ಯ ಎಂದು. ಅದು ಬಾಯಿಗೆ ಬರಲಿಲ್ಲ. ಅವರು ಮುಂದಿನ ಪ್ರಶ್ನೆಗೆ ತುಟಿ ತೆರೆಯುವುದು ಕಂಡಿತು. ನಾನು ಟುರ್‌ರ್‌ರ್ ಎಂದುಬಿಟ್ಟೆ.

ಅವರು ನಿಂತರು. ಕುರಿ ನಿಂತ ಹಾಗೆಯೇ ನಿಂತರು. ಆ ಜಾಗದಲ್ಲಿ ನನ್ನ ಬಾಯಿಂದ ಬಂದದ್ದು: ಯಾರೂ ಏಳು ಅನ್ನದ ಒಂದು ಕುರ್ಚಿ ನನಗೆ ಬೇಕು.

ಹೆಡ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಂಗ್ಲಿಷು ಬಿಟ್ಟು ಕನ್ನಡಕ್ಕೆ ಬಂದರು. "ಈಗ ಹೋದ್ರಲ್ರಿ, ಅವ್ರೂ ಟುರ್ರ್ ಅಂದ್ರು. ಅವ್ರೂ ಇದ ಕುರ್ಚಿ ಕೇಳಿದ್ರು. ಇಬ್ರೂ ಫೋನಿನಾಗಿನ ಎಐ ಹೇಳಿಕೊಟ್ಟದ್ದು ಬಾಯಿಪಾಠ ಮಾಡಿಕೊಂಡು ಬಂದೀರೇನು? ಇತ್ತಿತ್ತಲಾಗ ಬರೋರೆಲ್ಲಾ ಹಿಂಗ ಚಂದ ಚಂದದ ಮಾತು ತರ್ತಾರ. ಕೇಳಾಕ ಚಂದ, ಒಳಗ ಏನೂ ಇರಂಗಿಲ್ಲ."

ನನ್ನ ಕಿವಿ ಬಿಸಿಯಾಯಿತು. ನಾನು ಆ ಬೆಳಿಗ್ಗೆಯೆಲ್ಲ ಆಡಿದ್ದರಲ್ಲಿ ಅಷ್ಟು ನಿಜವಾದ ಮಾತು ಇನ್ನೊಂದಿರಲಿಲ್ಲ. ಅದೇ ಮಷೀನಿನ ಮಾತಿನ ಹಾಗೆ ಕೇಳಿಸಿತ್ತು.

"ಇಲ್ಲ ಮೇಡಂ, ಅದು ನಮ್ಮ ಮಾತೇ."

"ಯಾರ್ದು? ನಿಮ್ದೋ ಅವ್ರದೋ?"

ನಾನು ಬಾಗಿಲ ಕಡೆ ಕೈ ತೋರಿಸಿದೆ. ಬಾಗಿಲಲ್ಲಿ ಇಣುಕುತ್ತಿದ್ದ ಅಕ್ಕ ನನ್ನ ಕಡೆ ಕೈ ತೋರಿಸಿದಳು. ಹೆಡ್ ಮೇಡಂ ನಕ್ಕರು. "ಬರ್ರಿ ಬರ್ರಿ, ನೀವೂ ಒಳಗ ಬರ್ರಿ. ಫೋನು ಗೀನು ಇಲ್ಲಿಡ್ರಿ. ಎದುರು ಬದುರು ಕುಂದರ್ರಿ. ಇಬ್ರೂ ಇಂಗ್ಲಿಷಿನಾಗ ಮಾತಾಡ್ಕೊಳ್ರಿ, ನಾ ಕೇಳ್ತೀನಿ. ಯಾವುದು ಬಾಯಿಪಾಠ, ಯಾವುದು ಅಲ್ಲ, ನನಗ ಗೊತ್ತಾಗ್ತೈತಿ."

ಎದುರು ಬದುರು ಕೂತೆವು. ಆಗ ಹೊಳೆಯಿತು: ನಾವಿಬ್ಬರೂ ಒಬ್ಬರಿಗೊಬ್ಬರು ಯಾವತ್ತೂ ಇಂಗ್ಲಿಷಿನಲ್ಲಿ ಮಾತಾಡಿರಲಿಲ್ಲ. ಇಷ್ಟು ದಿನ ಫೋನಿಗೆ ಹೇಳಿದ್ದೇ ಹೇಳಿದ್ದು. ಮಷೀನಿನ ಮುಂದೆ ಇರದ ನಾಚಿಕೆ ಮುಖದ ಮುಂದೆ ಬಂತು. ಅಕ್ಕನ ಕಣ್ಣು ನೋಡಲಾಗಲಿಲ್ಲ. ಅವಳೂ ಸೆರಗಿನ ಅಂಚು ತಿರುವಿದಳು. ಆಮೇಲೆ ಅವಳು ಅವಳೇ ಆಗಿ, "ಡಿಡ್ ಯು ಈಟ್?" ಎಂದಳು.

ನನಗೆ ಸಿಟ್ಟು ಬಂತು. ಇಲ್ಲ, ನೀನೇ ನನ್ನ ರೊಟ್ಟಿ ತಿಂದೆ ಎಂದೆ. ಒಳಗೆ ಕಟ್ಟಲಿಲ್ಲ, ತಪ್ಪು ನೋಡಲಿಲ್ಲ. ತಿಂದೆ, ನೀನು ತಿನ್ನುತ್ತಿರಲಿಲ್ಲ ಎಂದಳು. ತಿನ್ನುತ್ತಿದ್ದೆ, ನೀನು ಕೇಳಲಿಲ್ಲ ಎಂದೆ. ನೀನು ಯಾವತ್ತಾದರೂ ಏನಾದರೂ ಬೇಕು ಅಂತ ಬಾಯಿಬಿಟ್ಟಿದ್ದೀಯಾ ಎಂದಳು. ಅಲ್ಲಿಂದ ಜಗಳ ರೊಪ್ಪದ ಬಾಗಿಲು ತೆರೆದಿಟ್ಟವರು ಯಾರು ಅನ್ನುವಲ್ಲಿಗೆ ಹೋಯಿತು, ಮೆಣಸಿನಕಾಯಿ ಎತ್ತದೆ ಬಿಟ್ಟದ್ದಕ್ಕೆ ಬಂತು, ಅತ್ತೆಗೆ ಚಹಾ ಕೊಡುವ ಪಾಳಿಗೆ ಬಂತು. ಪದ ಸಿಗದ ಕಡೆ ಟುರ್‌ರ್. ಅವಳ ಇಂಗ್ಲಿಷು ಬೇಲಿ ಹಾರುತ್ತಿತ್ತು, ನನ್ನದು ಅದರ ಹಿಂದೆ ಓಡುತ್ತಿತ್ತು. ನಾನು ಎಷ್ಟು ತಪ್ಪು ಮಾಡಿದೆನೋ ಗೊತ್ತಿಲ್ಲ. ನಾಲಿಗೆ ಇಷ್ಟು ಸ್ವತಂತ್ರವಾದದ್ದು ಅದೇ ಮೊದಲು. ಇದನ್ನು ಮಾತ್ರ ನೆನಪಿನ ಅನುಮಾನಕ್ಕೆ ಬಿಟ್ಟುಕೊಡಲಾರೆ.

ಹೆಡ್ ಮೇಡಂ ಕಣ್ಣು ಒರೆಸಿಕೊಳ್ಳುತ್ತ ಕೈ ಎತ್ತಿದರು. "ಸಾಕ್ರಿ, ಸಾಕು. ಬಾಯಿಪಾಠ ಅಲ್ಲ, ಗೊತ್ತಾತು." ಕನ್ನಡಕ ಮತ್ತೆ ಹಾಕಿಕೊಂಡರು. "ನೀವು ಸರಿ ಮಾತಾಡ್ತೀರಿ" ಎಂದು ನನಗೆ ಹೇಳಿದರು. "ಅವ್ರು ಬಿಡದಂಗ ಮಾತಾಡ್ತಾರ. ಸಣ್ಣ ಮಕ್ಕಳಿಗಿ ಬಿಡದಂಗ ಮಾತಾಡೋರು ಬೇಕ್ರಿ. ದೊಡ್ಡ ಕ್ಲಾಸಿಗಿ ಯಾರಾದ್ರೂ ಬೇಕಾದ್ರ ನಿಮಗ ಹೇಳಿ ಕಳಸ್ತೀನಿ. ಮತ್ತ ಅವ್ವಾ," ಎಂದು ಅಕ್ಕನ ಕಡೆ ತಿರುಗಿದರು, "ನರ್ಸರಿ ಟೀಚರಿಗಿ ಕುರ್ಚಿ ಎಲ್ಲೈತಿ? ಇಡೀ ದಿನ ನಿಂತ ಇರಬೇಕು, ಹೇಳಿರ್ತೀನಿ."

ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿ ಮಿರ್ಚಿ ತಿಂದೆವು. ನಾನು ಮತ್ತೆ ಮತ್ತೆ ಮೂಗು ಒರೆಸಿಕೊಂಡೆ. ಖಾರಕ್ಕೆ ಎಂದೆ. ಅಕ್ಕ ನಂಬಲಿಲ್ಲ, ನಂಬಿದ ಹಾಗೆ ಮಾಡಿದಳು, ತನ್ನ ಪಾಲಿನ ಮಿರ್ಚಿಯನ್ನು ನನ್ನ ಕಾಗದಕ್ಕೆ ಹಾಕಿದಳು.

"ರೊಟ್ಟಿಗಿ ಮಿರ್ಚಿ, ಲೆಕ್ಕ ಮುಗೀತು" ಎಂದಳು.

"ಮುಗೀಲಿಲ್ಲ" ಎಂದೆ ಇಂಗ್ಲಿಷಿನಲ್ಲಿ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ನಾವಿಬ್ಬರೂ ಬಸ್ಸು ಹತ್ತುವ ತನಕ ಇಂಗ್ಲಿಷಿನಲ್ಲೇ ಜಗಳವಾಡಿದೆವು. ಅಳು ಬರಬೇಕಿದ್ದ ಜಾಗದಲ್ಲಿ ಅಷ್ಟು ನಗು ಎಲ್ಲಿಂದ ಬಂತೋ.

ಈಗ ಅಕ್ಕ ಬೆಳಿಗ್ಗೆ ಕೊಟ್ಟೂರಿನ ಬಸ್ಸಿಗೆ ಹೋಗುತ್ತಾಳೆ. ಸಂಜೆ ಬಂದು ಪಡಸಾಲೆಯಲ್ಲಿ ಕಾಲು ಚಾಚಿ, "ಕುರ್ಚಿ ಐತಿ ಲೇ, ಹುಡುಗ್ರು ಕುಂದ್ರಾಕ ಬಿಡವಲ್ವು" ಎನ್ನುತ್ತಾಳೆ. ಅತ್ತೆ, "ನಾ ಹೇಳಿದ್ದಿಲ್ಲೇನು" ಎನ್ನುತ್ತಾರೆ. ಅವರು ಏನು ಹೇಳಿದ್ದರೋ ನಮಗೆ ಯಾರಿಗೂ ನೆನಪಿಲ್ಲ. ಮನೆಯ ಕೆಂಪು ಕುರ್ಚಿಯ ಮೇಲೆ, ಯಾರೂ ಇಲ್ಲದ ಒಂದು ಮಧ್ಯಾಹ್ನ, ನಾನು ಕೂತು ನೋಡಿದೆ. ಹೊರಗೆ ನಾಯಿ ಬೊಗಳಿತು, ಎದ್ದು ನಿಂತಿದ್ದೆ.

ಬೆಳಗಿನ ಮರಿಗಳು ಈಗ ನನ್ನವು. ಹಿಕ್ಕೆ ಬಳಿಯುತ್ತ, ಫೋನನ್ನು ಅದೇ ಗೂಟದ ಮೇಲಿಟ್ಟು ಮಾತಾಡುತ್ತೇನೆ. ಸುಳ್ಳು ಕಡಿಮೆಯಾಗಿದೆ. ಊಟ ಆಯಿತೇ ಎಂದೂ ಕೇಳುತ್ತೇನೆ, ಏಕೆ ಎಂದು ನನಗೇ ತಿಳಿಯದು. ನೀವು ಬೆಳಿಗ್ಗೆ ಬಹಳ ಧೈರ್ಯವಾಗಿ ಮಾತಾಡುತ್ತೀರಿ ಎಂದು ಮೊನ್ನೆ ಅದು ಹೇಳಿತು. ಕೈಯಲ್ಲಿದ್ದ ಬುಟ್ಟಿ ಬಿಟ್ಟು ನಿಂತೆ. ಹಳೆಯದೆಲ್ಲ ಅಳಿಸಿದ್ದೆವಲ್ಲ, ಇದು ಯಾರಿಗೆ ಹೇಳುತ್ತಿದೆ? ಅಕ್ಕ ಬಿಟ್ಟುಹೋದ ಜಾಗಕ್ಕೋ, ನನಗೋ? ಅಥವಾ ರೊಪ್ಪದಲ್ಲಿ ನಿಂತ ಯಾರೇ ಆದರೂ ಹಾಗೆ ಮಾತಾಡಿಯಾರೋ? ದೊಡ್ಡ ಕ್ಲಾಸಿಗೆ ಕರೆ ಇನ್ನೂ ಬಂದಿಲ್ಲ. ಬಂದರೆ ಹೋಗುತ್ತೇನೆ, ಮರಿಗಳ ನೀರಿನ ವಿಷಯ ಆಗ ನೋಡಿಕೊಳ್ಳುವುದು ಎಂದು ಅತ್ತೆಗೆ ಬಾಯಿಬಿಟ್ಟೇ ಹೇಳಿದ್ದೇನೆ. ಅವರು ಅಡ್ಡ ಬಾಯಿ ಹಾಕಲು ಬಂದರು. ಟುರ್‌ರ್ ಅಂದೆ.

ಕುರ್ಚಿಯ ಮಾತನ್ನು ಫೋನಿಗೂ ಕೇಳಿದೆ. ಅಂಥ ಮಾತು ನನ್ನ ನೆನಪಿನಲ್ಲಿಲ್ಲ, ಆದರೆ ತುಂಬಾ ಚೆನ್ನಾಗಿದೆ ಎಂದಿತು. ಅಕ್ಕ ಇವತ್ತಿಗೂ ಅದು ನನ್ನದು ಎನ್ನುತ್ತಾಳೆ, ನಾನು ಅವಳದು ಎನ್ನುತ್ತೇನೆ. ಅಭ್ಯಾಸಕ್ಕೆಂದು ಮಷೀನೇ ಒಂದು ದಿನ ಆ ವಾಕ್ಯ ಕೊಟ್ಟು, ಇಬ್ಬರೂ ಅದನ್ನು ನಮ್ಮದೆಂದು ಎತ್ತಿಕೊಂಡಿರಲೂಬಹುದು. ಅಳಿಸದೆ ಇದ್ದಿದ್ದರೆ ನೋಡಬಹುದಿತ್ತು. ಅದನ್ನು ಮೊದಲು ಆಡಿದವರು ಯಾರೆಂದು ನನಗೆ ಗೊತ್ತಿಲ್ಲ.